ಸ್ನೋಮೊಬೈಲ್ ಸಾಗಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾವಿರುವುದು ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್ ಹತ್ತಿರ. ಸ್ನೋಮೊಬೈಲ್ ಅಂದರೆ ಮುಂದೆ ಎರಡು ಸ್ಕೀ, ಹಿಂದೆ ತಿರುಗುವ ರಬ್ಬರ್ ಪಟ್ಟಿ (ಟ್ರ್ಯಾಕ್) ಇರುವ, ಹಿಮದ ಮೇಲೆ ಓಡುವ ಬೈಕಿನಂಥ ಗಾಡಿ. ಇಲ್ಲಿ ಅದಕ್ಕೆ ಸ್ಲೆಡ್ ಅಂತಲೂ, ಅದು ಓಡುವ ಹಿಮದ ದಾರಿಗೆ ಟ್ರೇಲ್ ಅಂತಲೂ ಅನ್ನುತ್ತಾರೆ. ಪ್ರತಿ ನವೆಂಬರ್‌ನಲ್ಲಿ ರಾಜ್ಯೋತ್ಸವದ ಊಟಕ್ಕೆ ಸಾಲು ನಿಂತಾಗ ಯಾರಾದರೊಬ್ಬರು ತಟ್ಟೆ ಹಿಡಿದುಕೊಂಡೇ ಹತ್ತಿರ ಬಂದು ಕೇಳುತ್ತಾರೆ: "ಸ್ನೋಮೊಬೈಲ್ ತಗೊಂಡಾಯ್ತು. ಇನ್ನು ಅದನ್ನ ಟ್ರೇಲ್‌ವರೆಗೆ ಒಯ್ಯೋದು ಹೇಗೆ?" ಎಂಜಿನ್ ಎಷ್ಟು ಸಿಸಿ, ಬಣ್ಣ ಯಾವುದು ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವರಿಗೆ ಸಾಗಿಸುವ ಯೋಚನೆ ಬರುವುದು ಅಂಗಡಿಯವರು "ಯಾವಾಗ ಬಂದು ತಗೊಂಡು ಹೋಗ್ತೀರಿ?" ಅಂದಾಗಲೇ. ಬೀಚ್ ಹತ್ತಿರದ ಮನೆಯ ಹಾಗೆ ಅಂಗಳದಿಂದಲೇ ಟ್ರೇಲ್ ಶುರುವಾಗುವ ಅದೃಷ್ಟ ಎಲ್ಲರಿಗೂ ಇರುವುದಿಲ್ಲ. ಹೇಳಿದ್ದನ್ನೇ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಇಲ್ಲಿ ತೂಕವನ್ನೆಲ್ಲ ಪೌಂಡ್‌ನಲ್ಲೇ ಹೇಳುತ್ತೇನೆ. ಗಾಡಿಯ ಮೇಲೆ, ಟ್ರೇಲರ್ ಮೇಲೆ ಬರೆದಿರುವುದು ಪೌಂಡ್‌ನಲ್ಲೇ. ಕಿಲೋ ಬೇಕಿದ್ದರೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಅಂತ ಇಟ್ಟುಕೊಳ್ಳಿ.

ಜಾಸ್ತಿ ಓದೋಕೆ ಟೈಮಿಲ್ಲ. ಯಾವುದು ತಗೊಳ್ಳಲಿ?

ಎರಡು ಸ್ಲೆಡ್, ಚಳಿಗಾಲಕ್ಕೆ ನಾಲ್ಕೈದು ವಾರಾಂತ್ಯ, ಮನೆಯಿಂದ ಆರು ಗಂಟೆಯೊಳಗಿನ ದಾರಿ. ನಿಮ್ಮದು ಇಷ್ಟೇ ಆದರೆ ಗಟ್ಟಿ ಮುಚ್ಚಳ ಇರುವ, ಎರಡು ಸ್ಲೆಡ್ ಹಿಡಿಯುವ ಅಲ್ಯೂಮಿನಿಯಂ ಟ್ರೇಲರ್ ತಗೊಳ್ಳಿ. ಇದಕ್ಕೆ ಇಲ್ಲಿ ಕ್ಲಾಮ್‌ಶೆಲ್ ಅನ್ನುತ್ತಾರೆ. ಚಿಪ್ಪು ಬಾಯಿ ಬಿಟ್ಟ ಹಾಗೆ ಮುಚ್ಚಳ ಮೇಲಕ್ಕೆ ತೆರೆದುಕೊಳ್ಳುತ್ತದೆ. ತೀರಾ ಎತ್ತರ ಇಲ್ಲ, ತೀರಾ ಭಾರವೂ ಇಲ್ಲ, ರಸ್ತೆಯ ಉಪ್ಪು ಒಳಗೆ ಬರುವುದಿಲ್ಲ.

ಮೊದಲ ವರ್ಷವಾದರೆ ಏನೂ ಕೊಳ್ಳಬೇಡಿ. ಅದರ ವಿಷಯ ಮುಂದೆ ಬರುತ್ತದೆ.

ಸ್ಲೆಡ್ ತೂಕ 500 ಪೌಂಡ್ ಅಂತ ಬರೆದಿದೆ. ಎರಡಕ್ಕೆ ಸಾವಿರ, ಅಷ್ಟೇ ಅಲ್ವಾ?

ಅಲ್ಲ. ಕಂಪನಿಯವರು ಹೇಳುವುದು ಒಣ ತೂಕ. ಪೆಟ್ರೋಲ್ ಇಲ್ಲ, ಆಯಿಲ್ ಇಲ್ಲ, ಕೂಲೆಂಟ್ ಇಲ್ಲ. ಟ್ಯಾಂಕ್ ತುಂಬಿಸಿದರೆ ಪೆಟ್ರೋಲೇ 60 ಪೌಂಡ್ ಮೇಲಾಗುತ್ತದೆ. ಹಿಂದೆ ಕಟ್ಟುವ ಬ್ಯಾಗು, ಟೂಲ್ಸ್ ಸೇರಿಸಿ. ವಾಪಸ್ ಬರುವಾಗ ಸಸ್ಪೆನ್ಶನ್ ತುಂಬ ಗಟ್ಟಿಯಾಗಿ ಮೆತ್ತಿಕೊಂಡಿರುವ ಐಸ್ ಬೇರೆ. ಟೂ-ಸ್ಟ್ರೋಕ್ ಟ್ರೇಲ್ ಸ್ಲೆಡ್ ಒಂದಕ್ಕೆ 650 ಪೌಂಡ್ ಅಂತ ಹಿಡಿದರೆ ಲೆಕ್ಕ ತಪ್ಪುವುದಿಲ್ಲ. ದೊಡ್ಡ ಫೋರ್-ಸ್ಟ್ರೋಕ್, ಇಬ್ಬರು ಕೂರುವ ಟೂರಿಂಗ್ ಸ್ಲೆಡ್ ಆದರೆ ಇನ್ನೂ ನೂರೋ ನೂರೈವತ್ತೋ ಸೇರಿಸಿ.

ನಮ್ಮ ಸಿಯೆನ್ನಾ ಎಳೆಯುತ್ತಾ? ಸಿಆರ್-ವಿ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ, ಯಾಕೆಂದರೆ ನಮ್ಮವರ ಮನೆ ಮುಂದೆ ನಿಂತಿರುವುದು ಈ ಎರಡೇ.

ಟೊಯೊಟಾ ಸಿಯೆನ್ನಾ ಮಿನಿವ್ಯಾನ್ 3,500 ಪೌಂಡ್ ಎಳೆಯಬಹುದು ಅನ್ನುತ್ತದೆ ಕಂಪನಿ. ಎರಡು ಸ್ಲೆಡ್ 1,300, ತೆರೆದ ಅಲ್ಯೂಮಿನಿಯಂ ಟ್ರೇಲರ್ ಸುಮಾರು 600. ಒಟ್ಟು 1,900. ಕಾಗದದ ಮೇಲೆ ಆರಾಮಾಗಿದೆ. ತೊಂದರೆ ಇರುವುದು ಎಳೆಯುವುದರಲ್ಲಿ ಅಲ್ಲ, ಹೊರುವುದರಲ್ಲಿ. ಟ್ರೇಲರ್‌ನ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಹಿಚ್ (ಗಾಡಿಯ ಹಿಂದೆ ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಕೂರುತ್ತದೆ. ಅಂದರೆ ಇನ್ನೂರು, ಇನ್ನೂರೈವತ್ತು ಪೌಂಡ್ ಗಾಡಿಯ ಹಿಂಭಾಗದ ಮೇಲೆ. ಒಳಗೆ ನಾಲ್ಕು ಜನ, ಹೆಲ್ಮೆಟ್ಟು, ಬೂಟು, ಕುಕ್ಕರ್, ಅಕ್ಕಿ ಡಬ್ಬಿ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಮೀರಬಾರದು ಅಂತ ಬರೆದಿರುತ್ತದೆ. ಹಿಚ್ ಮೇಲಿನ ಭಾರವೂ ಅದರಲ್ಲೇ ಸೇರಬೇಕು. ಇದನ್ನು ಓದದೆ ಟ್ರೇಲರ್ ಕೊಂಡವರನ್ನು ತುಂಬ ನೋಡಿದ್ದೇನೆ.

ಇಬ್ಬರೇ ಹೋಗುವುದಾದರೆ ಸಿಯೆನ್ನಾ ಸಾಕು. ಹೋಂಡಾ ಸಿಆರ್-ವಿ ಪೆಟ್ರೋಲ್ ಗಾಡಿಗೆ 1,500 ಪೌಂಡ್ ಮಿತಿ, ಹೈಬ್ರಿಡ್‌ಗೆ ಅದಕ್ಕಿಂತ ಕಡಿಮೆ. ಒಂದು ಸ್ಲೆಡ್, ಒಂದು ಚಿಕ್ಕ ಟ್ರೇಲರ್, ಅಲ್ಲಿಗೆ ಮುಗಿಯಿತು. ಟೊಯೊಟಾ ಹೈಲ್ಯಾಂಡರ್ ಪೆಟ್ರೋಲ್ 5,000, ಹೈಬ್ರಿಡ್ 3,500. ವರ್ಷ, ಮಾಡೆಲ್ ನೋಡಿ ಬದಲಾಗುತ್ತದೆ, ನಿಮ್ಮ ಗಾಡಿಯ ಮ್ಯಾನ್ಯುಯಲ್ ಏನು ಹೇಳುತ್ತದೋ ಅದೇ ಕೊನೆ ಮಾತು. ಎಷ್ಟು ಅಗಲ, ಎಷ್ಟು ಎತ್ತರದ ಟ್ರೇಲರ್ ಎಳೆಯಬಹುದು ಅಂತಲೂ ಕೆಲವು ಮ್ಯಾನ್ಯುಯಲ್‌ಗಳಲ್ಲಿ ಇರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತು ಈ ವಿಷಯಕ್ಕೇ ಹೇಳಿದ ಹಾಗಿದೆ.

ಎಲೆಕ್ಟ್ರಿಕ್ ಗಾಡಿಯವರಿಗೆ ಒಂದು ಮಾತು: ಎಳೆಯುವ ಶಕ್ತಿಗೆ ಕೊರತೆ ಇಲ್ಲ. ಆದರೆ ಚಳಿ ಒಂದು ಕಡೆ, ಟ್ರೇಲರ್‌ನ ಗಾಳಿ ಇನ್ನೊಂದು ಕಡೆ. ಒಂದು ಚಾರ್ಜ್‌ಗೆ ಹೋಗುವ ದೂರ ಅರ್ಧಕ್ಕೆ ಇಳಿದರೂ ಆಶ್ಚರ್ಯ ಇಲ್ಲ. ಚಾರ್ಜಿಂಗ್ ಜಾಗಗಳಲ್ಲಿ ಟ್ರೇಲರ್ ಬಿಚ್ಚದೆ ಗಾಡಿ ನಿಲ್ಲಿಸಲು ಆಗುವುದೂ ಅಪರೂಪ.

ತೆರೆದ ಟ್ರೇಲರ್ ಯಾಕೆ ಬೇಡ? ಅಗ್ಗ ಅಲ್ವಾ?

ಅಗ್ಗವೇ, ಹಗುರವೂ ಹೌದು. ಬೇಸಿಗೆಯಲ್ಲಿ ಅದರ ಮೇಲೆ ಮರದ ಹಲಗೆ, ಹಳೆ ಸೋಫಾ ಏನು ಬೇಕಾದರೂ ಸಾಗಿಸಬಹುದು. ಹತ್ತಿರದ ಟ್ರೇಲ್‌ಗೆ, ಒಂದು ಗಂಟೆಯ ದಾರಿಗೆ, ಇದಕ್ಕಿಂತ ಒಳ್ಳೆಯದು ಇಲ್ಲ. ಟ್ರೇಲರ್‌ನ ಹಲಗೆ (ಬೆಡ್) ಏತದ ಹಾಗೆ ಹಿಂದಕ್ಕೆ ವಾಲುತ್ತದೆ. ಸ್ಲೆಡ್ ಹತ್ತಿಸಿ ಅರ್ಧ ದಾಟುತ್ತಿದ್ದಂತೆ ತಾನಾಗಿ ಮುಂದಕ್ಕೆ ಬಿದ್ದು ಕೂರುತ್ತದೆ.

ದೂರ ಹೋದಾಗ ಗೊತ್ತಾಗುವುದು ಅದರ ಬಣ್ಣ. ಡುಲೂತ್‌ಗೆ ಹೋಗುವ ಐ-35 ಹೆದ್ದಾರಿಯಲ್ಲಿ ಮುಂದಿನ ಗಾಡಿಗಳು ಎರಚುವ ಕೆಸರು ಬರೀ ನೀರಲ್ಲ, ಉಪ್ಪುನೀರು. ಚಳಿ ಮೈನಸ್ ಹತ್ತು ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದರೆ ಸಾದಾ ಉಪ್ಪು ಸರಿಯಾಗಿ ಕೆಲಸ ಮಾಡುವುದಿಲ್ಲ ಅಂತ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಬೆರೆಸಿ ಸುರಿಯುತ್ತಾರೆ. ಇವು ಗಾಳಿಯ ತೇವವನ್ನೂ ಎಳೆದುಕೊಂಡು ಒದ್ದೆಯಾಗಿಯೇ ಇರುತ್ತವೆ. ಸ್ಲೆಡ್‌ನ ಹಿಂದಿನ ಸಸ್ಪೆನ್ಶನ್, ಬೇರಿಂಗ್, ಟ್ರ್ಯಾಕ್ ಮೇಲಿನ ಅಲ್ಯೂಮಿನಿಯಂ ಚೌಕಟ್ಟು (ಟನಲ್), ವೈರಿಂಗ್ ಕನೆಕ್ಟರ್, ಎಲ್ಲದರ ಒಳಗೂ ಅದು ಹೋಗಿ ಕೂರುತ್ತದೆ. ಟ್ರೇಲರ್ ಮುಂದೆ ಒಂದು ಶೀಲ್ಡ್ ಹಾಕಿಸಿದರೆ ಕಲ್ಲೇಟು ತಪ್ಪುತ್ತದೆ, ಉಪ್ಪು ಅರ್ಧ ತಪ್ಪುತ್ತದೆ. ಕವರ್ ಹಾಕುವುದಾದರೆ ಸಾಗಿಸಲೆಂದೇ ಹೊಲಿದ ಬಿಗಿ ಕವರ್ ಹಾಕಿ. ಗ್ಯಾರೇಜಿನಲ್ಲಿ ಧೂಳಿಗೆ ಹಾಕುವ ಸಡಿಲ ಕವರ್ ಹೆದ್ದಾರಿ ಗಾಳಿಗೆ ಪಟಪಟ ಬಡಿದು, ವಿಂಡ್‌ಶೀಲ್ಡನ್ನು ಮರಳು ಕಾಗದದಲ್ಲಿ ಉಜ್ಜಿದ ಹಾಗೆ ಮಾಡಿಬಿಡುತ್ತದೆ.

ಪೂರ್ತಿ ಮುಚ್ಚಿದ ದೊಡ್ಡ ಟ್ರೇಲರ್ ಯಾರಿಗೆ ಸರಿ?

ಮೂರು ನಾಲ್ಕು ಸ್ಲೆಡ್, ದೂರದ ದಾರಿ, ಎರಡು ಮೂರು ರಾತ್ರಿ ತಂಗುವವರಿಗೆ. ಇದರ ಸುಖವೇ ಬೇರೆ. ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು, ಸ್ಲೆಡ್ ಹಿಂದಿನಿಂದ ಹತ್ತಿ ಮುಂದಿನಿಂದ ಇಳಿಯುತ್ತದೆ, ರಿವರ್ಸ್ ಗೋಜೇ ಇಲ್ಲ. ಒಳಗೆ ನಿಂತು ಬಟ್ಟೆ ಬದಲಾಯಿಸಬಹುದು. ಹೆಲ್ಮೆಟ್, ಜಾಕೆಟ್ ನೇತುಹಾಕಬಹುದು. ಹೊರಗೆ ಮೈನಸ್ 20 ಇರುವಾಗ ಬರಿಗೈಯಲ್ಲಿ ಬಕಲ್ ಬಿಚ್ಚಿದವರಿಗೆ ಮಾತ್ರ ಇದರ ಬೆಲೆ ಗೊತ್ತು.

ಇದರಲ್ಲಿ ಎರಡು ಜಾತಿ. 7 ಅಡಿ ಅಗಲದ್ದರಲ್ಲಿ ಸ್ಲೆಡ್‌ಗಳು ಒಂದರ ಹಿಂದೆ ಒಂದು ನಿಲ್ಲುತ್ತವೆ, ಹಾಗಾಗಿ ಟ್ರೇಲರ್ ಉದ್ದ. ಎಂಟೂವರೆ ಅಡಿ ಅಗಲದ್ದರಲ್ಲಿ ಪಕ್ಕಪಕ್ಕ ನಿಲ್ಲುತ್ತವೆ. ನನ್ನ ಓಟು 7 ಅಡಿಯದಕ್ಕೆ. ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣುತ್ತದೆ. ಚಕ್ರಗಳು ಗಾಡಿಯ ಚಕ್ರದ ಜಾಡಿನಲ್ಲೇ ಬರುತ್ತವೆ. ಗಾಳಿಗೆ ಒಡ್ಡುವ ಎದೆಯೂ ಚಿಕ್ಕದು. ಮೂಗು ಚೂಪಾಗಿರುವುದನ್ನೇ ತಗೊಳ್ಳಿ. ಅದರೊಳಗೆ ಸಾಮಾನಿಗೂ ಜಾಗ ಸಿಗುತ್ತದೆ.

ಖರ್ಚು ಬರೀ ಕೊಳ್ಳುವಾಗ ಅಲ್ಲ. ನನ್ನ ಪಿಕಪ್ ಖಾಲಿ ಇದ್ದಾಗ ಗ್ಯಾಲನ್‌ಗೆ 20 ಮೈಲಿ ಕೊಡುತ್ತದೆ. ತೆರೆದ ಟ್ರೇಲರ್ ಕಟ್ಟಿದರೆ 14. ಸ್ನೇಹಿತರ ಎತ್ತರದ ಮುಚ್ಚಿದ ಟ್ರೇಲರ್ ಕಟ್ಟಿದಾಗ ಎದುರು ಗಾಳಿಯಲ್ಲಿ 9ಕ್ಕೆ ಇಳಿದಿತ್ತು. ನಾಲ್ಕು ಸ್ಲೆಡ್ ತುಂಬಿದರೆ ಒಟ್ಟು 5,000 ಪೌಂಡ್ ಸುಲಭವಾಗಿ ದಾಟುತ್ತದೆ. ಮಿನ್ನೆಸೋಟದಲ್ಲಿ ಒಟ್ಟು ತೂಕ 3,000 ಪೌಂಡ್ ಮುಟ್ಟಿದರೆ ಟ್ರೇಲರ್‌ಗೇ ಬ್ರೇಕ್ ಇರಬೇಕು ಅಂತ ಕಾನೂನು. ಅಂದರೆ ಗಾಡಿಯೊಳಗೆ ಬ್ರೇಕ್ ಕಂಟ್ರೋಲರ್, ದುಂಡಗಿನ ಏಳು ಪಿನ್ನಿನ ಕನೆಕ್ಟರ್. ಮಿನಿವ್ಯಾನ್‌ನ ಚಪ್ಪಟೆ ನಾಲ್ಕು ಪಿನ್ ಇಲ್ಲಿ ನಡೆಯುವುದಿಲ್ಲ.

ಒಂದು ಎಚ್ಚರಿಕೆ. ಬಾಗಿಲು ಮುಚ್ಚಿ ಒಳಗೆ ಎಂಜಿನ್ ಬಿಸಿ ಮಾಡುತ್ತಾ ನಿಲ್ಲಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಜೀವ ತೆಗೆಯುತ್ತದೆ. ಸ್ಟಾರ್ಟ್ ಮಾಡಿದ ತಕ್ಷಣ ಹೊರಗೆ ತನ್ನಿ.

ಪಿಕಪ್ ಇದೆ. ಹಿಂದಿನ ಬೆಡ್‌ನಲ್ಲೇ ಇಟ್ಟುಕೊಂಡು ಹೋಗಬಾರದಾ?

ಒಂದೇ ಸ್ಲೆಡ್ ಆದರೆ ಹೋಗಬಹುದು. ಟ್ರೇಲ್ ಸ್ಲೆಡ್ ಸುಮಾರು 4 ಅಡಿ ಅಗಲ, ದೊಡ್ಡ ಪಿಕಪ್‌ಗಳಲ್ಲಿ ಹಿಂದಿನ ಚಕ್ರದ ಉಬ್ಬುಗಳ ನಡುವೆ ಅದಕ್ಕಿಂತ ಒಂದೆರಡು ಇಂಚು ಜಾಸ್ತಿ ಇರುತ್ತದೆ. ತುರುಕಿದ ಹಾಗೆ, ಆದರೆ ಕೂರುತ್ತದೆ. ಉದ್ದದ ತಾಪತ್ರಯ ಬೇರೆ. ಸ್ಲೆಡ್ 10 ಅಡಿ, ಈಗಿನ ನಾಲ್ಕು ಬಾಗಿಲ ಪಿಕಪ್‌ಗಳ ಬೆಡ್ ಹೆಚ್ಚಾಗಿ ಐದೂವರೆ ಅಡಿ. ಅರ್ಧ ಹೊರಗೇ ನೇತಾಡುತ್ತದೆ, ಭಾರವೆಲ್ಲ ಟೇಲ್‌ಗೇಟ್‌ನ ಎರಡು ತೆಳು ಕೇಬಲ್ ಮೇಲೆ. 8 ಅಡಿ ಬೆಡ್ ಇದ್ದರೆ ಯೋಚಿಸಿ, ಆರೂವರೆ ಇದ್ದರೆ ಎರಡು ಸಲ ಯೋಚಿಸಿ, ಐದೂವರೆ ಇದ್ದರೆ ಬಿಟ್ಟುಬಿಡಿ.

ಮತ್ತೆ ಆ ಸ್ಲೆಡ್ ಡೆಕ್ ಅಂತ ಪಿಕಪ್ ಮೇಲೆ ಅಟ್ಟ ಕಟ್ಟಿರುತ್ತಾರಲ್ಲ?

ಅದು ಬೆಟ್ಟದ ಕಡೆಯವರ ಗೆಳೆಯ. ಮೊಂಟಾನಾ, ಬ್ರಿಟಿಷ್ ಕೊಲಂಬಿಯಾ ಕಡೆ ಎಲ್ಲಿ ನೋಡಿದರೂ ಅದೇ. ಕಡಿದಾದ ಹಿಮದ ದಾರಿ, ಕೊನೆಯಲ್ಲಿ ಅಂಗೈಯಗಲದ ಪಾರ್ಕಿಂಗ್. ಅಂಥಲ್ಲಿ ಟ್ರೇಲರ್ ತಿರುಗಿಸಲು ಜಾಗ ಇರುವುದಿಲ್ಲ. ಮೇಲೆ ಎರಡು ಸ್ಲೆಡ್ ಪಕ್ಕಪಕ್ಕ, ಎಳೆದು ಬಿಡುವ ರ‍್ಯಾಂಪು, ಕೆಲಸ ಮುಗಿಯಿತು. ಬೇರಿಂಗ್ ಇಲ್ಲ, ಟೈರ್ ಇಲ್ಲ.

ಆದರೆ ಡೆಕ್ ತೂಕವೇ ನಾನೂರು ಐನೂರು ಪೌಂಡ್. ಎರಡು ಸ್ಲೆಡ್, ಒಳಗೆ ನಾಲ್ಕು ಜನ ಸೇರಿಸಿ. ಸಾದಾ ಎಫ್-150 ಅಥವಾ 1500 ಜಾತಿಯ ಪಿಕಪ್‌ನ ಸ್ಟಿಕ್ಕರ್ ಇದಕ್ಕೆ ಬಹಳ ಸಲ ಒಪ್ಪುವುದಿಲ್ಲ. ಎಫ್-250, 2500 ಅನ್ನುವ ಅದಕ್ಕಿಂತ ದೊಡ್ಡ ಜಾತಿಯ ಪಿಕಪ್ ಬೇಕು. ಭಾರ ಮೇಲೆ ಕೂತಿರುವುದರಿಂದ ತಿರುವಿನಲ್ಲಿ ಗಾಡಿ ವಾಲುವುದೂ ಜಾಸ್ತಿ. ಬಯಲು ಸೀಮೆಯಂತಿರುವ ಮಿನ್ನೆಸೋಟಕ್ಕೆ ಇದು ಸುಮ್ನೆ ಶೋಕಿ ಅಂತ ನನ್ನ ಅಭಿಪ್ರಾಯ. ಡೆಕ್ ಇರುವ ಗೆಳೆಯರು ಒಪ್ಪುವುದಿಲ್ಲ.

ಮೊದಲ ವರ್ಷ ಏನೂ ಕೊಳ್ಳಬೇಡಿ ಅಂದಿರಲ್ಲ, ಯಾಕೆ?

ಎಷ್ಟು ಸಲ ಹೋಗುತ್ತೀರಿ ಅಂತ ನಿಮಗೇ ಇನ್ನೂ ಗೊತ್ತಿಲ್ಲ. ಡಿಸೆಂಬರ್‌ನ ಉತ್ಸಾಹ ಬೇರೆ, ಫೆಬ್ರುವರಿಯದು ಬೇರೆ. ಹಿಮವೇ ಬೀಳದ ಚಳಿಗಾಲವೂ ಇರುತ್ತದೆ. ಟ್ರೇಲರ್ ಬಾಡಿಗೆಗೆ ಸಿಗುತ್ತದೆ, ಸವಾರಿಯ ಊರಿನಲ್ಲೇ ಸ್ಲೆಡ್ ಕೂಡ ಬಾಡಿಗೆಗೆ ಸಿಗುತ್ತದೆ. ಹೆಲ್ಮೆಟ್ಟು, ಸೂಟು, ಬೂಟು ಅವರೇ ಕೊಡುವುದುಂಟು. ಎರಡು ಸಲ ಬಾಡಿಗೆ ಸ್ಲೆಡ್‌ನಲ್ಲಿ ಹೋಗಿ ಬಂದ ಮೇಲೆ ಮನೆಯವರ ಮುಖ ನೋಡಿ ತೀರ್ಮಾನ ಮಾಡಿ.

ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಒಮ್ಮೆ ಕೂರಿಸಬೇಕು ಅನ್ನುವವರಿಗೂ ಬಾಡಿಗೆಯೇ ಸರಿ. ಗುಲ್ಮಾರ್ಗಿನಲ್ಲೋ ಸೋಲಂಗ್‌ನಲ್ಲೋ ಸ್ನೋ ಸ್ಕೂಟರ್ ಮೇಲೆ ಒಂದು ಸುತ್ತು ಹಾಕಿಸಿಕೊಂಡವರು ಇಲ್ಲಿ ನೂರು ಮೈಲಿ ಹೋಗೋಣ ಅಂದರೆ ಬೆಚ್ಚಿ ಬೀಳುತ್ತಾರೆ.

ಹಳೇ ಟ್ರೇಲರ್ ಕೊಳ್ಳಬಹುದಾ?

ಕೊಳ್ಳಬಹುದು. ನಾನೂ ಕೊಂಡೆ. ಮಾರಿದವರು "ಹೋದ ವರ್ಷ ತಾನೇ ಗ್ರೀಸ್ ಹಾಕಿಸಿದ್ದೇನೆ" ಅಂದರು. ನಂಬಿದೆ.

ಜನವರಿ ತಿಂಗಳು. ವಿಸ್ಕಾನ್ಸಿನ್‌ನ ಆ್ಯಶ್‌ಲ್ಯಾಂಡ್ ದಾಟಿ ಯುಎಸ್-2 ಹೆದ್ದಾರಿಯಲ್ಲಿ ಮಿಷಿಗನ್ ಕಡೆ ಹೋಗುತ್ತಿದ್ದೆವು. ಹೊರಗೆ ಮೈನಸ್ 18. ಸುಟ್ಟ ವಾಸನೆ ಬಂತು. ಹೀಟರ್ ಇರಬೇಕು ಅಂದುಕೊಂಡೆ. ಇನ್ನೆರಡು ಮೈಲಿ ಹೋದ ಮೇಲೆ ಹಿಂದಿನಿಂದ ಬಂದ ಟ್ರಕ್‌ನವನು ಲೈಟ್ ಮಿಣುಕಿಸಿದ. ಪೆಟ್ರೋಲ್ ಬಂಕ್ ಅಂಗಳಕ್ಕೆ ತಿರುಗಿಸಿ ಇಳಿದು ನೋಡಿದರೆ ಬಲಗಡೆ ಚಕ್ರ ಮೇಲಿಂದ ಒಳಕ್ಕೆ ವಾಲಿದೆ. ಕೆಳಗಿಂದ ಒಂದು ಹಿಡಿ ಹಿಮ ತೆಗೆದು ಹಬ್ (ಬೇರಿಂಗ್ ಇರುವ ಚಕ್ರದ ನಡುಭಾಗ) ಮೇಲೆ ಹಾಕಿದೆ. ಚುಂಯ್ ಅಂತ ಆವಿಯಾಯಿತು. ಮುಚ್ಚಳ ಬಿಚ್ಚಿದರೆ ಗ್ರೀಸ್ ಹಾಲು ಜಾಸ್ತಿಯಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಹಾಗೆ ಬಿಳುಚಿಕೊಂಡರೆ ನೀರು ಸೇರಿದೆ ಅಂತ ಅರ್ಥ. ಬೇರಿಂಗ್‌ನ ರೋಲರ್‌ಗಳು ಪುಡಿ. ಆ ದಿನ ಭಾನುವಾರ ಬೇರೆ. ಸವಾರಿ ಆಗಲಿಲ್ಲ, ಒಂದು ರಾತ್ರಿ ಮೋಟೆಲ್‌ನಲ್ಲಿ ಕಳೆದು, ಬೆಳಗ್ಗೆ ಹಬ್ ಹಾಕಿಸಿಕೊಂಡು ಮನೆಗೆ ಬಂದೆವು.

ಸ್ನೋಮೊಬೈಲ್ ಟ್ರೇಲರ್‌ನ ಚಕ್ರ ಚಿಕ್ಕದು. ಅದೇ ವೇಗದಲ್ಲಿ ಕಾರಿನ ಚಕ್ರಕ್ಕಿಂತ ಜಾಸ್ತಿ ಸುತ್ತು ತಿರುಗಬೇಕು, ಉಪ್ಪುನೀರಿನಲ್ಲೇ ತಿರುಗಬೇಕು. ಹಾಗಾಗಿ ಹಳೆಯದು ಕೊಂಡರೆ ಯಾರು ಏನೇ ಹೇಳಲಿ, ಮೊದಲು ಎರಡೂ ಹಬ್ ಬಿಚ್ಚಿಸಿ ಬೇರಿಂಗ್, ಸೀಲ್ ಹೊಸದು ಹಾಕಿಸಿ. ಚಕ್ರವನ್ನು ಮೇಲೆತ್ತಿ ಕೈಯಲ್ಲಿ ಅಲುಗಾಡಿಸಿ ನೋಡಿ, ಲೊಡಲೊಡ ಅನ್ನಬಾರದು. ಟೈರ್‌ನ ಮೇಲೆ ತಯಾರಾದ ವಾರ ಮತ್ತು ವರ್ಷ ನಾಲ್ಕು ಅಂಕಿಯಲ್ಲಿರುತ್ತದೆ. 3219 ಅಂದರೆ 2019ರ 32ನೇ ವಾರ. ಟೈರ್‌ನ ಟ್ರೆಡ್ ಚೆನ್ನಾಗಿ ಕಂಡರೂ ಬಿಸಿಲಿಗೆ ನಿಂತು ಬಿರುಕು ಬಿಟ್ಟಿರುತ್ತದೆ. ಹಲಗೆಯ ಅಡಿಗೆ ಬಗ್ಗಿ ನೋಡಿ. ಸ್ಟಡ್ (ಐಸ್ ಹಿಡಿಯುವ ಲೋಹದ ಮೊಳೆ) ಹಾಕಿದ ಟ್ರ್ಯಾಕ್‌ಗಳು ಪ್ಲೈವುಡ್ ಅಗಿದು ಹಾಕಿರುತ್ತವೆ.

ಈಗ ನನ್ನ ಡಬ್ಬಿಯಲ್ಲಿ ಗ್ರೀಸ್ ತುಂಬಿದ ಒಂದು ಪೂರ್ತಿ ಹಬ್ ಯಾವಾಗಲೂ ಇರುತ್ತದೆ. ಸ್ಟೆಪ್ನಿ ಜತೆಗೆ ಅದೂ. ಪ್ರತಿ ಪೆಟ್ರೋಲ್ ನಿಲುಗಡೆಯಲ್ಲಿ ಗ್ಲೌಸ್ ತೆಗೆದು ಎರಡೂ ಹಬ್ ಮುಟ್ಟಿ ನೋಡುತ್ತೇನೆ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಿದ್ದರೆ ಅಲ್ಲೇ ನಿಲ್ಲಬೇಕು.

ಭಾರ ಎಲ್ಲಿ ಕೂರಬೇಕು?

ಎತ್ತಿನ ಗಾಡಿ ಹೇರಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹಿಂದೆ ಭಾರ ಜಾಸ್ತಿಯಾದರೆ ಮೂಕಿ ಮೇಲೇಳುತ್ತದೆ, ಮುಂದೆ ಜಾಸ್ತಿಯಾದರೆ ಎತ್ತಿನ ಕತ್ತು ಮುರಿಯುತ್ತದೆ. ಟ್ರೇಲರ್‌ದೂ ಅದೇ ಲೆಕ್ಕ. ಹಿಂದೆ ಭಾರ ಹೋದರೆ ಹೆದ್ದಾರಿಯಲ್ಲಿ ಟ್ರೇಲರ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ, ಅದು ಹಿಡಿತಕ್ಕೆ ಸಿಗುವುದು ಕಷ್ಟ. ನಾಲ್ಕು ಸ್ಲೆಡ್‌ನ ಟ್ರೇಲರ್‌ನಲ್ಲಿ ಎರಡೇ ಹಾಕಿದ್ದರೆ ಅವನ್ನು ಹಿಂದಿನ ಬಾಗಿಲ ಹತ್ತಿರ ನಿಲ್ಲಿಸಿಬಿಡಬೇಡಿ. ಅಡ್ಡಡ್ಡ ಅಲುಗಿದರೆ ಬ್ರೇಕ್ ತುಳಿಯಬೇಡಿ, ಸ್ಟೀರಿಂಗ್ ಜಗ್ಗಬೇಡಿ. ಎಕ್ಸಲರೇಟರ್‌ನಿಂದ ಕಾಲು ತೆಗೆದು ಸ್ಟೀರಿಂಗ್ ನೇರ ಹಿಡಿದುಕೊಳ್ಳಿ.

ಹತ್ತಿಸುವಾಗ ಭಯ ಆಗುತ್ತೆ.

ಆಗಬೇಕಾದ್ದೇ. ಹೊಸಬರ ಅವಘಡ ಬರೀ ಟ್ರೇಲ್ ಮೇಲಲ್ಲ, ಟ್ರೇಲರ್ ಮೇಲೂ ಆಗುತ್ತದೆ. ಹತ್ತುವುದಿಲ್ಲವೇನೋ ಅಂತ ಜೋರಾಗಿ ಥ್ರಾಟಲ್ ಒತ್ತುತ್ತಾರೆ, ಹತ್ತಿದ ಗಾಬರಿಯಲ್ಲಿ ಹೆಬ್ಬೆರಳು ಅಲ್ಲೇ ಇರುತ್ತದೆ, ಸ್ಲೆಡ್ ಮುಂದಿನ ಅಂಚು ದಾಟಿ ಗಾಡಿಯ ಹಿಂದಿನ ಗಾಜಿಗೆ ಮುತ್ತಿಡುತ್ತದೆ. ಟ್ರೇಲರ್ ಗಾಡಿಗೆ ಕಟ್ಟಿರಲಿ, ಗಾಡಿ ಪಾರ್ಕಿಂಗ್ ಬ್ರೇಕ್‌ನಲ್ಲಿರಲಿ. ಮುಂದೆ ಯಾರೂ ನಿಲ್ಲುವುದು ಬೇಡ, ಮಕ್ಕಳಂತೂ ಬೇಡವೇ ಬೇಡ. ಮಂಡಿಯೂರಿ ಅಥವಾ ನಿಂತು, ಒಂದೇ ಸಮನಾಗಿ ನಿಧಾನಕ್ಕೆ ಹತ್ತಿಸಿ, ಬ್ರೇಕ್ ಮೇಲೆ ಬೆರಳಿರಲಿ. ಸ್ಕೀ ಅಡಿಯ ಚೂಪು ಲೋಹದ ಅಲಗು (ಕಾರ್ಬೈಡ್) ಟ್ರೇಲರ್‌ನ ಹಲಗೆ ಕೊರೆಯದಿರಲು ಪ್ಲಾಸ್ಟಿಕ್ ಪಟ್ಟಿ ಹಾಕಿಸಿ, ಟ್ರ್ಯಾಕ್ ಜಾರದಿರಲು ನಡುವೆ ರಬ್ಬರ್ ಮ್ಯಾಟ್.

ಸಿಮೆಂಟ್ ಅಂಗಳದಲ್ಲಿ ಸ್ಲೆಡ್ ಓಡಾಡಿಸಬೇಡಿ. ಟ್ರ್ಯಾಕ್ ಒಳಗಿನ ಪ್ಲಾಸ್ಟಿಕ್ ಸ್ಲೈಡ್‌ಗಳು ತಣ್ಣಗಿರುವುದೇ ಹಿಮದಿಂದ. ಹಿಮ ಇಲ್ಲದಿದ್ದರೆ ಕರಗುತ್ತವೆ.

ಎಷ್ಟು ಬಿಗಿಯಾಗಿ ಕಟ್ಟಬೇಕು?

ಮುಂದೆ ಎರಡೂ ಸ್ಕೀ ಮೇಲೆ ಅಡ್ಡಪಟ್ಟಿ ಬಂದು ತಿರುಪಿನಿಂದ ಬಿಗಿಯುತ್ತದೆ. ಹಿಂದೆ ಬಂಪರಿನಿಂದ ರ‍್ಯಾಚೆಟ್ ಪಟ್ಟಿ. ಸಸ್ಪೆನ್ಶನ್ ಸ್ವಲ್ಪ ಕೂತರೆ ಸಾಕು, ಪೂರ್ತಿ ಅಮುಕಿ ಸ್ಪ್ರಿಂಗ್ ಸಾಯಿಸಬೇಡಿ. ಹೊರಟ ಹತ್ತು ಹದಿನೈದು ಮೈಲಿಗೆ ಒಮ್ಮೆ ನಿಲ್ಲಿಸಿ ನೋಡಿ, ಹಿಮ ಕರಗಿ ಪಟ್ಟಿ ಸಡಿಲವಾಗಿರುತ್ತದೆ. ವಾಲುವ ಬೆಡ್ ಆದರೆ ಅದರ ಪಿನ್ನು ಮತ್ತು ಕ್ಲಿಪ್ಪು ಕಣ್ಣಾರೆ ನೋಡಿಯೇ ಹೊರಡಿ. ಹೊಸ ಚಕ್ರ ಹಾಕಿಸಿದ್ದರೆ 50 ಮೈಲಿ ಆದ ಮೇಲೆ ನಟ್ ಇನ್ನೊಮ್ಮೆ ಬಿಗಿಯಬೇಕು.

ಯಾವ ಜಾಗಕ್ಕೆ ಯಾವ ಟ್ರೇಲರ್?

ಮಿನ್ನೆಸೋಟ ಒಂದರಲ್ಲೇ 22,000 ಮೈಲಿ ಸ್ನೋಮೊಬೈಲ್ ಟ್ರೇಲ್ ಇದೆ, ಹತ್ತಿರದಲ್ಲೇ ತೃಪ್ತಿಪಡುವವರಿಗೆ ತೆರೆದ ಟ್ರೇಲರ್ ಧಾರಾಳ. ವಿಸ್ಕಾನ್ಸಿನ್‌ನ ಈಗಲ್ ರಿವರ್ ಕಡೆ ನಾಲ್ಕು ಗಂಟೆಯ ದಾರಿ, ಮುಚ್ಚಳದ್ದು ಸಾಕು.

ನಮ್ಮ ಕಡೆಯವರ ಕಾಶಿ ಅಂದರೆ ಮಿಷಿಗನ್‌ನ ಕೆವಿನಾ ಪರ್ಯಾಯದ್ವೀಪ. ಲೇಕ್ ಸುಪೀರಿಯರ್‌ನ ಮೇಲಿಂದ ತಣ್ಣನೆ ಗಾಳಿ ಬೀಸಿ, ತೇವ ಹೊತ್ತು ತಂದು, ಇಲ್ಲಿ ಹಿಮ ಸುರಿಸುತ್ತದೆ. 1978-79ರ ಚಳಿಗಾಲದಲ್ಲಿ ಒಟ್ಟು 390.4 ಇಂಚು ಬಿದ್ದಿತ್ತು. ಯುಎಸ್-41 ಹೆದ್ದಾರಿಯ ಪಕ್ಕದಲ್ಲಿ ದೊಡ್ಡ ಥರ್ಮಾಮೀಟರಿನಂಥ ಕಂಬ ನಿಲ್ಲಿಸಿ ಅದನ್ನು ಗುರುತು ಮಾಡಿದ್ದಾರೆ. ಅದರ ಕೆಳಗೆ ನಿಂತು ಮೇಲೆ ನೋಡಿದರೆ ಕತ್ತು ನೋಯುತ್ತದೆ. ಹೌಟನ್ ಮತ್ತು ಹ್ಯಾನ್‌ಕಾಕ್ ನಡುವಿನ ಲಿಫ್ಟ್ ಬ್ರಿಡ್ಜ್‌ಗೆ ಎರಡು ಅಂತಸ್ತು. ಚಳಿಗಾಲದಲ್ಲಿ ಮೇಲೆ ಕಾರು ಹೋಗುತ್ತವೆ, ಹಿಂದೆ ರೈಲು ಓಡಾಡುತ್ತಿದ್ದ ಕೆಳ ಅಂತಸ್ತಿನಲ್ಲಿ ಸ್ಲೆಡ್‌ಗಳು. ಹಾಗಾಗಿ ಟ್ರೇಲರನ್ನು ಹೌಟನ್‌ನ ಹೋಟೆಲಿನಲ್ಲೇ ಬಿಟ್ಟು ಇಡೀ ಪರ್ಯಾಯದ್ವೀಪ ಸುತ್ತಿ ಬರಬಹುದು. ಮಿನಿಯಾಪೊಲಿಸ್‌ನಿಂದ ಆರು ಗಂಟೆ ಮೇಲಾಗುತ್ತದೆ, ಹಿಮ ಬೀಳುತ್ತಿದ್ದರೆ ಎಂಟು. ವರ್ಷಕ್ಕೆ ಮೂರು ಸಲಕ್ಕಿಂತ ಜಾಸ್ತಿ ಅಲ್ಲಿಗೇ ಹೋಗುವವರಾದರೆ, ಗೆಳೆಯರ ಜತೆ ಪಾಲು ಹಾಕಿ ಮುಚ್ಚಿದ 7 ಅಡಿಯದ್ದು ತಗೊಳ್ಳಿ.

ಯೆಲ್ಲೊಸ್ಟೋನ್ ನ್ಯಾಷನಲ್ ಪಾರ್ಕ್ ಕಡೆ ಬೆಟ್ಟಕ್ಕೆ ನಮ್ಮ ಸ್ಲೆಡ್ಡೇ ಒಯ್ಯಬಹುದಾ?

ಒಯ್ಯಬಹುದು, ಆದರೆ ಯಾಕೆ? ಸಾವಿರ ಮೈಲಿ ಒಂದು ದಿಕ್ಕಿಗೆ. ಬೆಟ್ಟದ ಸ್ಲೆಡ್ಡೇ ಬೇರೆ: ಟ್ರ್ಯಾಕ್ ಉದ್ದ, ಹಲ್ಲು ಎರಡೂವರೆ ಮೂರು ಇಂಚು, ಸ್ಕೀ ನಡುವಿನ ಅಗಲ ಕಡಿಮೆ. ನಮ್ಮ ಟ್ರೇಲ್ ಸ್ಲೆಡ್ ಅಲ್ಲಿಯ ಪುಡಿ ಹಿಮದಲ್ಲಿ ಕೆಸರಿಗೆ ಬಿದ್ದ ಎಮ್ಮೆಯ ಹಾಗೆ ಹೂತು ಕೂರುತ್ತದೆ. ವೆಸ್ಟ್ ಯೆಲ್ಲೊಸ್ಟೋನ್‌ನಲ್ಲಿ ಬಾಡಿಗೆಗೆ ಬೇಕಾದಷ್ಟು ಸಿಗುತ್ತವೆ, ವಿಮಾನದಲ್ಲಿ ಹೋಗಿ. ಪಾರ್ಕ್‌ನ ಈಶಾನ್ಯ ಮೂಲೆಯಾಚೆ ಇರುವ ಕುಕ್ ಸಿಟಿಗೆ ಹೋಗುವವರು ನೆನಪಿಡಿ: ಚಳಿಗಾಲದಲ್ಲಿ ಅಲ್ಲಿಗೆ ಗಾಡಿ ಹೋಗುವುದು ಪಶ್ಚಿಮದಿಂದ, ಗಾರ್ಡಿನರ್ ಮೂಲಕ ಪಾರ್ಕ್ ಒಳಗಿನ ರಸ್ತೆಯಲ್ಲಿ ಮಾತ್ರ. ಪೂರ್ವದ ಕಡೆಯ ರಸ್ತೆ ಹಿಮದಲ್ಲಿ ಮುಚ್ಚಿರುತ್ತದೆ. ಮ್ಯಾಪ್ ತೋರಿಸಿದ ಹತ್ತಿರದ ದಾರಿ ನಂಬಿ ಟ್ರೇಲರ್ ಕಟ್ಟಿಕೊಂಡು ಹೋದರೆ ಹಿಮದ ಗೋಡೆ ಎದುರಾಗುತ್ತದೆ.

ಕಾಗದ ಪತ್ರ?

ಮಿನ್ನೆಸೋಟದಲ್ಲಿ 3,000 ಪೌಂಡ್‌ವರೆಗಿನ ಟ್ರೇಲರ್ ಒಮ್ಮೆ ನೋಂದಾಯಿಸಿದರೆ ಸಾಕು, ವರ್ಷ ವರ್ಷ ಕಟ್ಟಬೇಕಿಲ್ಲ. ಸ್ಲೆಡ್ ನೋಂದಣಿ ಬೇರೆ. ವಿಸ್ಕಾನ್ಸಿನ್, ಮಿಷಿಗನ್‌ಗೆ ಹೋದರೆ ಆಯಾ ರಾಜ್ಯದ ಟ್ರೇಲ್ ಪಾಸ್ ಕೊಳ್ಳಬೇಕು. 1976ರ ನಂತರ ಹುಟ್ಟಿದವರು ಮಿನ್ನೆಸೋಟದಲ್ಲಿ ಓಡಿಸಲು ಸೇಫ್ಟಿ ಸರ್ಟಿಫಿಕೇಟ್ ಮಾಡಿಸಿಕೊಂಡಿರಬೇಕು. ಟ್ರೇಲರ್‌ನೊಳಗಿನ ಸ್ಲೆಡ್‌ಗೆ ಇನ್ಶೂರೆನ್ಸ್ ಇದೆಯೇ ಅಂತ ಏಜೆಂಟರನ್ನು ಕೇಳಿ. ಗಾಡಿಯ ಇನ್ಶೂರೆನ್ಸ್‌ನಲ್ಲೇ ಸೇರಿದೆ ಅಂತ ಅಂದುಕೊಳ್ಳಬೇಡಿ.

ಹೋಟೆಲಿನಲ್ಲಿ ಕಳ್ಳತನ ಆಗುತ್ತಾ?

ಆಗುತ್ತದೆ. ಹಿಚ್‌ಗೆ ಬೀಗ ಹಾಕಿ, ಹಿಂದಿನ ಬಾಗಿಲು ಗೋಡೆಗೋ ಹಿಮದ ಗುಡ್ಡೆಗೋ ಒತ್ತಿ ನಿಲ್ಲಿಸಿ. ಬೀಗದ ಬಾಯಿಗೆ ಟೇಪ್ ಅಂಟಿಸಿ. ಇಲ್ಲದಿದ್ದರೆ ರಾತ್ರಿ ನೀರು ಹೋಗಿ ಹೆಪ್ಪುಗಟ್ಟಿ, ಬೆಳಗ್ಗೆ ನೀವೇ ನಿಮ್ಮ ಟ್ರೇಲರ್ ಮುಂದೆ ಕಳ್ಳರ ಹಾಗೆ ತಿಣುಕಬೇಕಾಗುತ್ತದೆ.

ಬೆಳಗ್ಗೆ ಸ್ಲೆಡ್ ಇಳಿಸುವಾಗ ಇನ್ನೊಂದು. ರಾತ್ರಿ ಟ್ರ್ಯಾಕ್ ಹಲಗೆಗೆ ಅಂಟಿ ಗಟ್ಟಿಯಾಗಿರುತ್ತದೆ. ಥ್ರಾಟಲ್ ಒತ್ತಿದರೆ ಎಂಜಿನ್‌ನಿಂದ ಟ್ರ್ಯಾಕ್ ತಿರುಗಿಸುವ ಬೆಲ್ಟ್ ಸುಡುತ್ತದೆ. ಹಿಂದಿನ ಬಂಪರ್ ಹಿಡಿದು ಎತ್ತಿ ಒಂದೆರಡು ಸಲ ಕುಲುಕಿ, ಟ್ರ್ಯಾಕ್ ಬಿಡಿಸಿಕೊಂಡ ಮೇಲೆ ಸ್ಟಾರ್ಟ್ ಮಾಡಿ.

ವಾಪಸ್ ಬಂದ ಮೇಲೆ?

ಉಪ್ಪು ತಿಂದವನು ನೀರು ಕುಡಿಯಬೇಕು ಅಂತಾರಲ್ಲ. ಇಲ್ಲಿ ಉಪ್ಪು ತಿಂದ ಟ್ರೇಲರ್‌ಗೆ ನೀರು ಕುಡಿಸಬೇಕು. ಮನೆಗೆ ಬರುವ ದಾರಿಯಲ್ಲೇ ಕಾಯಿನ್ ಹಾಕಿ ತೊಳೆಯುವ ಜಾಗದಲ್ಲಿ ಅಡಿಭಾಗ, ಆಕ್ಸಲ್, ವೈರಿಂಗ್, ಸ್ಲೆಡ್ ಸಸ್ಪೆನ್ಶನ್ ಎಲ್ಲಕ್ಕೂ ನೀರು ಹಾಯಿಸಿ. ಹಬ್, ಬೇರಿಂಗ್ ಸೀಲ್‌ಗಳಿಗೆ ಮಾತ್ರ ಹತ್ತಿರದಿಂದ ಪ್ರೆಶರ್ ಹೊಡೆಯಬೇಡಿ, ನೀರು ಒಳಗೆ ನುಗ್ಗುತ್ತದೆ. ಲೈಟ್ ಕನೆಕ್ಟರ್ ಒರೆಸಿ ತೇವ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಒಂದಿಷ್ಟು ಹಚ್ಚಿ.

ಮನೆಯ ಮುಂದೆ ನಿಲ್ಲಿಸಬಹುದಾ?

ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಇದು, ಎಲ್ಲರೂ ಕೊನೆಗೆ ಕೇಳುತ್ತಾರೆ. ನಮ್ಮವರು ಜಾಸ್ತಿ ಇರುವ ಹೊಸ ಬಡಾವಣೆಗಳಲ್ಲಿ ಮನೆ ಮಾಲೀಕರ ಸಂಘದ ನಿಯಮ ಇರುತ್ತದೆ. ಡ್ರೈವ್‌ವೇಯಲ್ಲಿ ಟ್ರೇಲರ್ ಒಂದೆರಡು ದಿನಕ್ಕಿಂತ ಜಾಸ್ತಿ ನಿಂತರೆ ಪತ್ರ ಬರುತ್ತದೆ. 12 ಅಡಿಯ ತೆರೆದ ಟ್ರೇಲರ್ ಆದರೆ ಮೂತಿ ಮೇಲೆ ಮಾಡಿ ಗ್ಯಾರೇಜ್ ಗೋಡೆಗೆ ಒರಗಿಸುವವರಿದ್ದಾರೆ. ಮುಚ್ಚಳದ್ದು ಮೂರನೇ ಕಾರಿನ ಜಾಗದಲ್ಲಿ ಹಿಡಿಯಬಹುದು, ಮುಂದಿನ ಮೂಕಿ ಸೇರಿಸಿ ಟೇಪ್ ಹಿಡಿದು ಅಳೆಯಿರಿ. 27 ಅಡಿಯ ಮುಚ್ಚಿದ ಟ್ರೇಲರ್ ಎಲ್ಲೂ ಹಿಡಿಯುವುದಿಲ್ಲ, ಊರಾಚೆ ಬಾಡಿಗೆ ಅಂಗಳ ಹುಡುಕಬೇಕು. ಹುಡುಕುವಾಗ ಚಳಿಗಾಲದಲ್ಲಿ ಅಲ್ಲಿ ಹಿಮ ತೆಗೆಯುತ್ತಾರಾ ಅಂತ ಕೇಳಿ. ನನ್ನ ಗೆಳೆಯರೊಬ್ಬರು ಅದನ್ನು ಕೇಳಿರಲಿಲ್ಲ. ಒಂದು ಶುಕ್ರವಾರ ಸಂಜೆ ನಾವು ನಾಲ್ಕು ಜನ ಸಲಿಕೆ ಹಿಡಿದು ಎರಡು ಗಂಟೆ ಅವರ ಟ್ರೇಲರ್ ಅಗೆದು ತೆಗೆದೆವು.